ಮೊಮ್ಮಗಳ ದೂರದ ಸವಾರಿ

ನಾನು ಜನ್ಮದಲ್ಲಿ ಹತ್ತಿದ ಕುದುರೆ ಒಂದೇ. ಅದು ಬಳ್ಳಾರಿಯ ಫೋಟೋ ಸ್ಟುಡಿಯೋ ಒಂದರಲ್ಲಿದ್ದ ಕಟ್ಟಿಗೆಯ ಕುದುರೆ. ಅದರ ಮೇಲೂ ನಾನು ಅತ್ತಿದ್ದಕ್ಕೆ ಫೋಟೋ ಸಾಕ್ಷಿಯಿದೆ. ಇಂಥವನ ಮೊಮ್ಮಗಳು ಮೇಧಾ, ಹತ್ತು ವರ್ಷದವಳು, ಕುರುಗೋಡಿನಿಂದ ಸಿರುಗುಪ್ಪದವರೆಗೆ ಕುದುರೆಯ ಮೇಲೆ ಹೋಗುತ್ತೇನೆಂದು ಹೊರಟಾಗ ನನ್ನ ಎದೆ ಅವಳಿಗಿಂತ ಮೊದಲೇ ದೌಡು ಕಿತ್ತಿತು.

ಇದು ದೂರದ ಸವಾರಿಯ ಸ್ಪರ್ಧೆ, ಜೂಜಿನ ರೇಸಲ್ಲ. ಯಾರು ಮೊದಲು ಮುಟ್ಟಿದರು ಎನ್ನುವುದರಷ್ಟೇ ಕುದುರೆ ಹೇಗೆ ಮುಟ್ಟಿತು ಎನ್ನುವುದೂ ಇಲ್ಲಿ ಮುಖ್ಯ. ದಾರಿಯಲ್ಲಿ ಅಲ್ಲಲ್ಲಿ ಪಶುವೈದ್ಯರು ಕುದುರೆಯ ನಾಡಿ ನೋಡಿ, ನಾಲ್ಕು ಹೆಜ್ಜೆ ಓಡಿಸಿ, ಸರಿಯಿದ್ದರೆ ಮಾತ್ರ ಮುಂದೆ ಬಿಡುತ್ತಾರೆ. ಮಕ್ಕಳ ಜೊತೆಗೆ ದೊಡ್ಡವರೊಬ್ಬರ ಕುದುರೆಯೂ ಇರಲೇಬೇಕು. ಎಲ್ಲ ಸರಿ, ಆದರೆ ಕುದುರೆಯನ್ನು ಡಾಕ್ಟರು ನಿಲ್ಲಿಸುತ್ತಾರೆ. ಮಗುವಿನ ಹುರುಪನ್ನು ನಿಲ್ಲಿಸುವವರು ಯಾರು? ಆಟ ಬಿಟ್ಟು ಊಟಕ್ಕೆ ಬಾ ಎಂದರೆ ಬಾರದ ವಯಸ್ಸು ಅದು. ನಿಲ್ಲುವುದು ಗೊತ್ತಿಲ್ಲದವರು ಕುದುರೆ ಹತ್ತಬಾರದು ಎಂದು ಮನೆಯಲ್ಲಿ ವಾದಿಸಿದೆ. ಬಿದ್ದುಬಿಟ್ಟರೆ ಎಂಬ ಭಯವೂ ಇತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆ.

ನನ್ನ ಹೆಂಡತಿ ಆಗಲೇ ಮೊಮ್ಮಗಳ ಪಕ್ಷ ಸೇರಿದ್ದಳು. ನಮ್ಮ ಮನೆಗಳಲ್ಲಿ ಕುದುರೆಮುಖದ ದೇವರಿಗೆ ಹಯಗ್ರೀವದ ನೈವೇದ್ಯ: ಕಡಲೆಬೇಳೆ, ಬೆಲ್ಲ, ಕೊಬ್ಬರಿ, ಕೈತುಂಬ ತುಪ್ಪ. ಆ ದೇವರು ಬಿಳಿ ಕುದುರೆಯಾಗಿ ಬಂದು ಭಕ್ತನ ತಲೆಯ ಮೇಲಿನ ಹರಿವಾಣದಿಂದ ಅದನ್ನು ತಿಂದ ಕಥೆ ಕೇಳಿ ಬೆಳೆದವರು ನಾವು. ಸವಾರಿಯ ದಿನ ಬೆಳಿಗ್ಗೆ ಅವಳು ಡಬ್ಬಿ ಸಮೇತ ಕುರುಗೋಡಿಗೆ ಬಂದು, ಮೊಮ್ಮಗಳು ಹತ್ತಲಿದ್ದ ಚಾಂದನಿಯೆಂಬ ಬಿಳಿ ಹೆಣ್ಣುಕುದುರೆಯ ಬಾಯಿಗೆ ತುತ್ತು ಹಿಡಿದೇಬಿಟ್ಟಳು. ಮೇಧಾ ಆ ಕೈ ತಡೆದು, ಇದನ್ನು ತಿಂದು ಓಡಿದರೆ ಅದರ ಹೊಟ್ಟೆ ಕೆಡುತ್ತದೆ ಎಂದಳು. ದೇವರಿಗೆ ಒಗ್ಗಿದ್ದು ಕುದುರೆಗೆ ಒಗ್ಗಬೇಕೆಂದಿಲ್ಲ. ಡಬ್ಬಿಯನ್ನು ನಾನೇ ಖಾಲಿ ಮಾಡಿದೆ.

ಕುದುರೆಗಳು ಹೊರಟವು ನೋಡಿ, ನನ್ನ ವಾದವೆಲ್ಲ ಎಲ್ಲಿ ಹೋಯಿತೋ! ಕಾಲುವೆ ಏರಿಯ ಮೇಲೆ, ಭತ್ತದ ಗದ್ದೆಗಳ ಪಕ್ಕದಲ್ಲಿ ಪುಟ್ಟ ಹೆಲ್ಮೆಟ್ಟೊಂದು ಕುಣಿಯುತ್ತ ಸಾಗುತ್ತಿತ್ತು. ನಾಟಿ ಹಚ್ಚುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದರು. ಹಿಂದೆ ಕಾರಿನಲ್ಲಿ ಬರುತ್ತಿದ್ದ ನಾನು ಕಿಟಕಿಯಿಂದ ಅರ್ಧ ಹೊರಗೆ ಬಂದು ಕೂಗುತ್ತಿದ್ದೆ. ಡಾಕ್ಟರು ಚಾಂದನಿ ಪಾಸು ಎಂದಾಗಲಂತೂ ನಾನೇ ಪಾಸಾದ ಹಾಗೆ ಅವರ ಕೈ ಕುಲುಕಿದೆ. ಮಕ್ಕಳಲ್ಲಿ ನಮ್ಮವಳೇ ಮುಂದಿದ್ದಳು. ಇಷ್ಟು ಖುಷಿ ನನಗೆ ಯಾವತ್ತು ಆಗಿತ್ತೋ ನೆನಪಿಲ್ಲ.

ಸಿರುಗುಪ್ಪದ ಮನೆಗಳು ಕಾಣುವ ಹೊತ್ತಿಗೆ ಅವಳು ತಟ್ಟನೆ ನಿಂತು ಕೆಳಗಿಳಿದಳು. ನಾನು ಓಡಿದೆ. ಜೊತೆಯ ಕುದುರೆಯ ಮೇಲಿದ್ದ ಸವಾರಿ ಮಾಸ್ತರಿಗೂ ಏನೂ ತೊಂದರೆ ಕಂಡಿರಲಿಲ್ಲವಂತೆ.

"ಊರು ಬಂದೇಬಿಡ್ತು, ಹತ್ತವ್ವ," ಎಂದೆ.

"ಮುಂಗಾಲು ಎಳೀಲಿಕ್ಕೆ ಹತ್ತೇದ ತಾತ. ನಾ ಹತ್ತಂಗಿಲ್ಲ."

ಸ್ವಲ್ಪ ದೂರವಷ್ಟೇ, ಮೆಲ್ಲಗೆ ಹೋಗು, ಹಿಂದಿನವರು ಬಂದುಬಿಡುತ್ತಾರೆ ಎಂದೆಲ್ಲ ಪುಸಲಾಯಿಸಿದೆ. ಅವಳ ಕಣ್ಣು ತುಂಬಿದವು, ಆದರೆ ಲಗಾಮು ಹಿಡಿದುಕೊಂಡು ಅಲ್ಲೇ ನಿಂತಳು. ಹಿಂದಿದ್ದ ಕುದುರೆಗಳು ಒಂದೊಂದಾಗಿ ದಾಟಿಹೋದವು. ಡಾಕ್ಟರು ಬಂದು ನೋಡಿದರೆ ಗೊರಸಿನ ಸಂದಿಯಲ್ಲಿ ಹರಳುಕಲ್ಲೊಂದು ಸಿಕ್ಕಿಕೊಂಡಿತ್ತು. ಇನ್ನಷ್ಟು ಓಡಿಸಿದ್ದರೆ ಕಾಲಿಗೇ ಪೆಟ್ಟಾಗುತ್ತಿತ್ತು ಎಂದರು.

ಚಿಕ್ಕ ಮಕ್ಕಳನ್ನು ದೂರದ ಸವಾರಿಗೆ ಕಳಿಸಬಹುದೇ ಎಂದು ಈಗ ಯಾರಾದರೂ ಕೇಳಿದರೆ, ಧಾರಾಳವಾಗಿ ಕಳಿಸಿ ಎನ್ನುತ್ತೇನೆ. ತಾತಂದಿರ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಿ.