ಕೊಳದ ನೀರಿಗೆ ಕೈ ಹಾಕಿದವರು

ನಮ್ಮ ಮನೆಯ ಈಜುಕೊಳಕ್ಕೆ ಯಾರೋ ಕದ್ದು ಏನೋ ಹಾಕ್ತಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಅರಿಶಿನದ ಬಟ್ಟೆಯಿಂದ. ಹಳೇ ಬಿಳಿ ಪಂಚೆಯ ಚೂರುಗಳನ್ನು ಅರಿಶಿನದ ನೀರಲ್ಲಿ ಅದ್ದಿ, ಒಣಗಿಸಿ ಇಟ್ಟುಕೊಂಡಿದ್ದೆ. ಆರತಿ ನೀರಿಗೆ ಅರಿಶಿನದ ಜೊತೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತಲ್ಲ, ಅದೇ ಉಪಾಯ. ಬ್ಲೀಚಿಂಗ್ ಪೌಡರಿನಲ್ಲೂ ಸುಣ್ಣ ಇರುತ್ತೆ. ಕೊಳಕ್ಕೆ ಹದವಾಗಿ ಬಿದ್ದಿದ್ದರೆ ಬಟ್ಟೆ ಹಳದಿಯಾಗೇ ಉಳಿಯುತ್ತೆ, ಹೆಚ್ಚಾದರೆ ಕೆಂಪಿಗೆ ತಿರುಗುತ್ತೆ. ಆವತ್ತು ಬೆಳಿಗ್ಗೆ ಅದ್ದಿದ ಬಟ್ಟೆ ಇಟ್ಟಿಗೆ ಬಣ್ಣಕ್ಕೆ ಬಂತು. ಹಿಂದಿನ ಸಂಜೆ ಪೌಡರ್ ಹಾಕಿದವಳು ನಾನೇ, ತೆಂಗಿನ ಗರಟೆಯಲ್ಲಿ ಅಳೆದು, ಒಂದೇ ಗರಟೆ. ನನ್ನ ಕೈಯಳತೆ ತಪ್ಪೋದಿಲ್ಲ. ಮತ್ತೆ ಇದು ಯಾರ ಕೆಲಸ?

ಈಜುಕೊಳ ಅಂದಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ಪಕ್ಕದ ಮನೆಯಲ್ಲಿರೋ ನನ್ನ ಮೈದುನ ಹೋಂಸ್ಟೇ ಮಾಡ್ತೀನಿ ಅಂತ ಹುಮ್ಮಸ್ಸಿಗೆ ಬಿದ್ದು, ಎರಡೂ ಮನೆಯ ನಡುವೆ ಎದೆಮಟ್ಟದ ಒಂದು ಕೊಳ ಕಟ್ಟಿಸಿ ನೀಲಿ ಟೈಲ್ಸ್ ಹಾಕಿಸಿದ. ವರದಹಳ್ಳಿಗೆ ಹೋಗೋ ಜನ ಇಲ್ಲಿ ಉಳ್ಕೋತಾರೆ ಅಂತ ಅವನ ಎಣಿಕೆ. ಆಶ್ರಮಕ್ಕೆ ಬಂದೋರು ಚಡ್ಡಿ ಹಾಕ್ಕೊಂಡು ಈಜೋಕೆ ಬರ್ತಾರಾ? ಒಬ್ಬ ಪುಣ್ಯಾತ್ಮನೂ ಬರಲಿಲ್ಲ. ಎಮ್ಮೆಯನ್ನಾದ್ರೂ ಇಳಿಸ್ರೋ ಅಂತ ನಮ್ಮತ್ತೆ ಆಡಿಕೊಂಡಿದ್ದರು.

ಅಷ್ಟರಲ್ಲಿ ನಮ್ಮನೆಯವರಿಗೆ ಸ್ಟ್ರೋಕ್ ಆಯ್ತು. ಬಲಗಾಲು, ಬಲಗೈ ಎರಡೂ ಸೋತವು, ಮಾತು ತೊದಲಿತು. ದಿನಾ ಅರ್ಧ ಗಂಟೆ ನೀರೊಳಗೆ ನಿಂತು ಕಾಲಾಡಿಸಲಿ, ಮೊದಲ ಆರು ತಿಂಗಳಲ್ಲಿ ಎಷ್ಟು ಚೇತರಿಸಿಕೊಂಡರೋ ಅಷ್ಟು, ಆಮೇಲೆ ಕಷ್ಟ ಅಂದರು ಶಿವಮೊಗ್ಗದ ಡಾಕ್ಟರು. ಮಳೆ ಹಿಡಿದ ಮೇಲೆ ಆ ತಣ್ಣೀರಿಗೆ ಅವರನ್ನು ಇಳಿಸೋಕಾಗುತ್ತಾ? ಮಳೆಗಾಲ ಶುರುವಾಗೋದ್ರೊಳಗೆ ನಡೆದರೆ ನಡೆದರು, ಇಲ್ಲದಿದ್ದರೆ ಕೂತಲ್ಲೇ. ನೀರು ಕೆಟ್ಟ ಒಂದೊಂದು ದಿನವೂ ನನಗೆ ಅವರ ಕಾಲಿನಿಂದ ಕಿತ್ತುಕೊಂಡ ಹಾಗೆ ಅನ್ನಿಸುತ್ತಿತ್ತು.

ಪೂಲ್ ಕ್ಲೀನ್ ಮಾಡೋನು ಎರಡು ಸಲ ಬಂದ, ಮೂರನೇ ಸಲಕ್ಕೆ ಫೋನೇ ಎತ್ತಲಿಲ್ಲ. ಹೋಗ್ಲಿ ಬಿಡು, ವರ್ಷಾ ವರ್ಷಾ ಬಾವಿ ನೀರು ನೋಡಿಕೊಳ್ಳೋಳಿಗೆ ಇದ್ಯಾವ ಮಹಾ ಅಂತ ಸೆರಗು ಸಿಕ್ಕಿಸಿದೆ. ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಗಸಿ ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ಕೊಳಕ್ಕೆ. ಅದೂ ಬಿಸಿಲು ಇಳಿದ ಮೇಲೆ. ನೀರು ಕದಡಿದ್ದರೆ ಪಟಿಕ. ಪಟಿಕ ಹಾಕಿ ನೀರು ಹುಳಿ ತಿರುಗಿದರೆ ಅಡುಗೆ ಸೋಡ. ಟೈಲ್ಸ್ ಮೇಲಿನ ಕಲೆ ಉಜ್ಜೋಕೆ ವಿನಿಗರ್. ಪೌಡರಿಗೂ ವಿನಿಗರಿಗೂ ಬೇರೆ ಬೇರೆ ಬಕೆಟ್. ಅವೆರಡೂ ಸೇರಿದರೆ ವಿಷದ ಗಾಳಿ ಏಳುತ್ತೆ ಅಂತ ನಮ್ಮನೆಯವರು ತೊದಲುತ್ತಲೇ ಮೊದಲ ದಿನ ಹೇಳಿಕೊಟ್ಟಿದ್ದರು. ಕಾರ್ಗಲ್ ಕಾಲೋನಿಯ ನೀರಿನ ಟ್ಯಾಂಕಿಗೆ ಜೀವಮಾನವಿಡೀ ಪೌಡರ್ ಹಾಕಿ ರಿಟೈರ್ ಆದ ಮನುಷ್ಯ. ಈಗ ಜಗಲಿಯ ಕುರ್ಚಿಯಲ್ಲಿ ಕೂತು, ನಾನು ಅಳೆಯುವಾಗೆಲ್ಲ "ಕಮ್ಮಿ ಆಯ್ತು" ಅನ್ನೋರು. "ನೀವು ಸುಮ್ನೆ ಕೂತ್ಕೊಳ್ರೀ" ಅನ್ನುತ್ತಿದ್ದೆ ನಾನು.

ಆ ಕೆಂಪು ಬಟ್ಟೆ ಕಂಡ ದಿನವೂ ಅವರನ್ನು ಇಳಿಸಿಬಿಟ್ಟೆ, ಬುದ್ಧಿ ಎಲ್ಲಿಗೆ ಹೋಗಿತ್ತೋ. ಸಂಜೆಗೆ ಮೈಯೆಲ್ಲಾ ತುರಿಕೆ, ಕಣ್ಣು ಕೆಂಡ. ಎರಡು ದಿನ ನೀರಿಗೆ ರಜೆ. ಮೂರನೇ ದಿನ ನೋಡಿದರೆ ಮತ್ತೆ ಬಟ್ಟೆ ಕೆಂಪು, ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು.

ಮೊದಲ ಅನುಮಾನ ಮೈದುನನ ಮೇಲೆ. ಅಡಿಕೆಗೆ ಹೊಡೆಯೋ ಔಷಧಿಗೆ ಮೈಲುತುತ್ತ, ಸುಣ್ಣ ಎರಡೂ ಅವನ ಮನೆಯಲ್ಲಿ ಮೂಟೆಗಟ್ಟಲೆ ಇರುತ್ತೆ. ಆ ಡ್ರಮ್ಮನ್ನು ಕೊಳದ ನೀರಲ್ಲೇ ತೊಳೀತಾನೋ ಏನೋ! ನೇರ ಹೋಗಿ ಕೇಳಿದೆ.

"ಅತ್ತಿಗೆ, ಅಣ್ಣ ಇಳಿಯೋ ನೀರಿಗೆ ನಾನು ಸುಣ್ಣ ಹಾಕ್ತೀನಾ? ಔಷಧಿ ಹೊಡೆಯೋಕೆ ಇನ್ನೂ ತಿಂಗಳಿದೆ, ಮೂಟೆ ಹೊಲಿಗೆ ಕೂಡ ಬಿಚ್ಚಿಲ್ಲ, ಬೇಕಾದ್ರೆ ಬಂದು ನೋಡಿ" ಅಂದ. ಹೋಗಿ ನೋಡಿದೆ, ಬಿಡ್ತೀನಾ? ಹೊಲಿಗೆ ಹಾಗೇ ಇತ್ತು. ಪಾಪ, ಅವನ ಮುಖ ಸಣ್ಣಗಾಯಿತು.

ಆಮೇಲೆ ಅತ್ತೆ. ಶುಕ್ರವಾರ ಬಾವಿಕಟ್ಟೆಗೆ ಅರಿಶಿನ ಕುಂಕುಮ ಇಟ್ಟು ಬರೋರು ಕೊಳದ ಕಡೆಗೂ ಒಂದು ಲೋಟ ಹಿಡಿದು ಹೋಗೋದನ್ನು ನೋಡಿದ್ದೆ. ಅಡ್ಡ ನಿಂತು ಲೋಟ ಮೂಸಿದೆ. ಹಾಲು!

"ಗಂಗೆಗೆ ಹಾಲೆರೀದೆ ನನ್ನ ಮಗನ್ನ ಇಳಿಸ್ತೀಯಲ್ಲೇ, ಅದಕ್ಕೇ ಅವನಿಗೆ ಗುಣ ಆಗ್ತಿಲ್ಲ" ಅಂತ ನನಗೇ ಜೋರು ಮಾಡಿದರು.

ಹಾಲಿಗೆ ನೀರು ಮಬ್ಬಾಗಬಹುದು, ಆದರೆ ಅರಿಶಿನ ಕೆಂಪಾಗೋದಿಲ್ಲ. ಬಾವಿಗೇ ಎರೆಯಿರಿ ಸಾಕು ಅಂತ ಕೈ ಮುಗಿದು ಬಂದೆ. ಅತ್ತೆ ಎರಡು ದಿನ ಮಾತು ಬಿಟ್ಟರು.

ಕೊನೆಗೆ ಒಂದು ಉಪಾಯ ಹೂಡಿದೆ. ಪೌಡರ್ ಡಬ್ಬಿ ಇರೋದು ಕೊಳದ ಆಚೆ ಬದಿಯ ಬಚ್ಚಲುಮನೆ ಗೂಡಿನಲ್ಲಿ. ರಾತ್ರಿ ಮಲಗೋ ಮುಂಚೆ ಪೌಡರ್ ಸಮ ಮಾಡಿ, ಮೇಲೆ ಬೆರಳಲ್ಲಿ ಒಂದು ಗೆರೆ ಎಳೆದು ಮುಚ್ಚಿದೆ. ಬೆಳಿಗ್ಗೆ ಐದೂವರೆಗೆ ನೋಡಿದಾಗ ಗೆರೆ ಇತ್ತು. ಡೈರಿಗೆ ಹಾಲು ಹಾಕಿ ಬಂದು ನೋಡಿದಾಗ ಗೆರೆ ಇಲ್ಲ. ಅಂದರೆ ನನ್ನದೇ ಡಬ್ಬಿ, ನಾನು ಡೈರಿಗೆ ಹೋದ ಆ ಅರ್ಧ ಗಂಟೆ. ಮೈಯೆಲ್ಲಾ ಉರಿಯಿತು. ಆವತ್ತೇ ಬಟ್ಟೆ ಒಗೆಯುವಾಗ ನಮ್ಮನೆಯವರ ನೀಲಿ ಲುಂಗಿಯ ಅಂಚಿನಲ್ಲಿ ಬಿಳಿ ಬಿಳಿ ಚುಕ್ಕೆ ಕಂಡವು. ಕೊಳದ ನೀರಿಗೇ ಬಟ್ಟೆಯ ಬಣ್ಣ ಹೋಗೋ ಮಟ್ಟಕ್ಕೆ ತಂದಿಟ್ಟಿದಾರಲ್ಲಪ್ಪ, ಸಿಗಲಿ ಆ ಕಳ್ಳ, ಅಂದುಕೊಂಡೆ.

ಮರುದಿನ "ಡೈರಿಗೆ ಹೋಗಿ ಬರ್ತೀನ್ರೀ" ಅಂತ ಎಂದಿನ ಹಾಗೆ ಕೂಗಿ, ಕ್ಯಾನನ್ನು ಕೊಟ್ಟಿಗೆಯಲ್ಲಿಟ್ಟು, ಬಚ್ಚಲುಮನೆ ಹಿಂದಿನ ಸೌದೆ ರಾಶಿಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತೆ. ಒಂದು ದಿನ ಹಾಲು ತಪ್ಪಿದರೆ ಮೊಸರಾಗುತ್ತೆ, ಅಷ್ಟೇ. ಒಳಗಿಂದ ಅತ್ತೆಯ ಪೂಜೆಯ ಗಂಟೆ ಕೇಳಿಸಿತು. ಹಾಗಾದರೆ ಅವರಲ್ಲ. ಮೈದುನನ ಮನೆ ಬಾಗಿಲು ಇನ್ನೂ ತೆಗೆದಿರಲಿಲ್ಲ.

ಜಗಲಿಯಲ್ಲಿ ಕುರ್ಚಿ ಕಿರ್ರ್ ಅಂತು. ನಮ್ಮನೆಯವರು ಎದ್ದು ನಿಂತಿದ್ದರು.

ನಾನು ಹಿಡಿದುಕೊಳ್ಳದೆ ಏಳಕೂಡದು ಅಂತ ಅವರಿಗೆ ತಾಕೀತು ಮಾಡಿದ್ದೆ. ಒಂದು ಸಲ ಬಿದ್ದು ಹಣೆ ಒಡೆದುಕೊಂಡ ಮೇಲೆ ನಾನು ಯಾರನ್ನೂ ನಂಬುತ್ತಿರಲಿಲ್ಲ, ಅವರ ಕಾಲನ್ನಂತೂ ಮೊದಲೇ ಇಲ್ಲ. ಅವರು ಆ ಕಡೆ ಈ ಕಡೆ ನೋಡಿದರು. ಗೋಡೆ ಹಿಡಿದು ಮೂಲೆಯವರೆಗೆ ಬಂದರು. ಅಲ್ಲಿಗೆ ಗೋಡೆ ಮುಗಿಯಿತು. ಅಲ್ಲಿಂದ ಬಚ್ಚಲುಮನೆವರೆಗೆ ಕೊಳದ ಅಂಚಿನ ಬರೀ ನೆಲ, ಹಿಡಿಯೋಕೆ ಒಂದು ಕಡ್ಡಿಯೂ ಇಲ್ಲ. ಅಯ್ಯೋ ದೇವರೇ, ಬೇಡ ಅಂತ ಗಂಟಲವರೆಗೂ ಬಂತು. ಕೂಗಿದರೆ ಬೆಚ್ಚಿ ಬೀಳ್ತಾರೆ ಅಂತ ಸೆರಗು ಬಾಯಿಗೆ ತುರುಕಿಕೊಂಡೆ. ಬಲಗಾಲನ್ನು ಸೊಂಟದಿಂದ ಎತ್ತಿ ಮುಂದಿಡುತ್ತಾ, ನಿಂತು ಉಸಿರು ತಗೊಳ್ಳುತ್ತಾ, ಒಂಬತ್ತು ಹೆಜ್ಜೆ ಬಂದರು. ನಾನೇ ಎಣಿಸಿದೆ.

ಬಗ್ಗಿ ಎಡಗೈಯಲ್ಲಿ ನೀರು ಮೊಗೆದು ಮೂಸಿದರು. ಕಾರ್ಗಲ್ಲಿನ ಟ್ಯಾಂಕಿನ ಹತ್ತಿರವೂ ಹೀಗೇ ಮೂಸುತ್ತಿದ್ದರು, ಮದುವೆಯಾದ ಹೊಸದರಲ್ಲಿ ನೋಡಿದ್ದೆ. ಆಮೇಲೆ ಡಬ್ಬಿ ತೆಗೆದು, ಚೆಂಬಿನಲ್ಲಿ ಪೌಡರ್ ಕದಡಿ, ಲುಂಗಿ ಮೇಲೆಲ್ಲ ಸಿಡಿಸಿಕೊಂಡು ಕೊಳಕ್ಕೆ ಸುರಿದರು.

"ಇವಳಿಗೆ ಅಳತೆ ಗೊತ್ತಿಲ್ಲ, ಏನಿಲ್ಲ. ಬಾವಿ ಅಂತ ತಿಳ್ಕೊಂಡಿದಾಳೆ" ಅಂತ ಗೊಣಗಿದರು. ಆ ಮಾತಿನಲ್ಲಿ ತೊದಲು ಕೂಡ ಕಮ್ಮಿ ಇತ್ತು.

ನಾನು ಊರವರನ್ನೆಲ್ಲ ಅನುಮಾನಿಸುತ್ತಾ ಓಡಾಡಿದೆನಲ್ಲ, ಆ ಮಹಾರಾಯರು ಕೂತಲ್ಲಿಂದ ನನ್ನನ್ನೇ ಅನುಮಾನಿಸುತ್ತಿದ್ದರು. ಸಂಜೆ ನಾನು ಹಾಕೋದು, ಬೆಳಿಗ್ಗೆ ಅವರು ಹಾಕೋದು. ಸಿಟ್ಟು ನೆತ್ತಿಗೇರಿತು. ಅದು ಇಳಿಯುವಷ್ಟರಲ್ಲಿ ಅವರು ಅದೇ ಒಂಬತ್ತು ಹೆಜ್ಜೆ ವಾಪಸ್ ಹೋಗಿ, ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಟವೆಲ್ ಹೊದ್ದು, ಏನೂ ಅರಿಯದವರ ಹಾಗೆ ರಸ್ತೆ ನೋಡುತ್ತಿದ್ದರು. ನಾನು ಸೌದೆ ರಾಶಿಗೆ ಒರಗಿ ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತಿದ್ದು, ಮುಚ್ಚುಮರೆ ಯಾಕೆ.

ಸುತ್ತು ಹಾಕಿ ಗೇಟಿನಿಂದ ಒಳಗೆ ಬಂದೆ. "ಡೈರೀಲಿ ರಶ್ಶಾ?" ಅಂದರು. "ಹೂಂ" ಅಂದೆ.

ಆವತ್ತಿನಿಂದ ನನ್ನ ಸಂಜೆಯ ಗರಟೆ ನಿಲ್ಲಿಸಿದೆ. ಬಕೆಟ್ಟಿನಲ್ಲಿ ಬರೀ ನೀರು ಕದಡಿ ಸುರಿಯೋದು, ಅವರು "ಕಮ್ಮಿ ಆಯ್ತು" ಅನ್ನೋದು. ಮೂರೇ ದಿನಕ್ಕೆ ನೀರು ತಿಳಿಯಾಗಿ ತಳದ ಟೈಲ್ಸ್ ಕಂಡಿತು, ಅರಿಶಿನದ ಬಟ್ಟೆ ಹಳದಿಯಾಗೇ ಉಳಿಯಿತು. ಅವರ ಅಳತೆ ಸರಿಯಾಗೇ ಇತ್ತು, ಅದನ್ನು ಇವತ್ತಿಗೂ ಅವರ ಮುಂದೆ ಒಪ್ಪಿಕೊಂಡಿಲ್ಲ.

ಮುಂದಿನ ವಾರ ಡಬ್ಬಿಯನ್ನು ಬಚ್ಚಲುಮನೆಯಿಂದ ತೆಗೆದು ಕೊಟ್ಟಿಗೆಯ ಗೂಡಿನಲ್ಲಿಟ್ಟೆ. ಅದರ ಮುಂದಿನ ವಾರ ಪಂಪ್ ಶೆಡ್ಡಿನಲ್ಲಿ. ಅಲ್ಲಿಗೆ ನಲವತ್ತು ಹೆಜ್ಜೆ. ಎರಡು ಬೆಳಿಗ್ಗೆ ಹುಡುಕೋಕಾಗದೆ ಒದ್ದಾಡಿದ್ದರು ಅಂತ ಕಾಣುತ್ತೆ, ಮೂರನೇ ಬೆಳಿಗ್ಗೆ ಗೆರೆ ಅಳಿಸಿತ್ತು.

ಮೊದಲ ಮಳೆ ಹನಿದ ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು. "ಏ, ಈ ಮನೇಲಿ ಯಾರೋ ಪೌಡರ್ ಡಬ್ಬಿ ಜಾಗ ಬದಲಾಯಿಸ್ತಿದಾರೆ. ನಿಂಗೆ ಅನುಮಾನ ಬರಲ್ವಾ?"

"ಕೂತಲ್ಲೇ ಕೂತಿರೋ ನಿಮಗೆ ಅದ್ಹೇಗೆ ಗೊತ್ತಾಯ್ತು?"

ಅವರು ಕಾಲ ಮೇಲಿನ ಟವೆಲ್ ಎಳೆದು ಸರಿ ಮಾಡಿಕೊಂಡರು. ನನ್ನ ಮುಖ ನೋಡಿದರು.

"ನಂಗ್ಯಾಕೋ ಅತ್ತೆ ಮೇಲೇ ಅನುಮಾನ ಕಣ್ರೀ" ಅಂದು ಒಳಗೆ ಹೋದೆ. ಮರುದಿನ ಡಬ್ಬಿಯನ್ನು ಗೇಟಿನ ಪಕ್ಕದ ಮೀಟರ್ ಗೂಡಿನಲ್ಲಿಟ್ಟೆ.