ಕಂದು ಕುದುರೆಗೆ ಹೇರಿದ ಭಾರ

ರಾಜ್ಯ ಒಂದಾದ ಹೊಸತು. ಆನವಟ್ಟಿಯಲ್ಲಿ ಗೇಣಿದಾರರ ಸಭೆ ನಡೆಸಲು ಹೋದ ನನ್ನನ್ನು ಸಾಹುಕಾರರ ಗುಮಾಸ್ತ ತಡೆದ. ಅವನಿಗೆ ಜಟಕಾ ಓಟದ ಹುಚ್ಚು. "ಪಂದ್ಯ ಕಟ್ರಿ. ಗೆದ್ರೆ ನಮ್ಮ ಕಣದಲ್ಲೇ ಭಾಷಣ ಮಾಡ್ರಿ. ಸೋತ್ರೆ ಬಾಯಿ ಮುಚ್ಕೊಂಡು ಶಿಕಾರಿಪುರದ ಬಸ್ ಹತ್ರಿ" ಎಂದ.

ಓಟಕ್ಕಿದ್ದವು ಎರಡು ಜಟಕಾ, ಒಂದಕ್ಕೆ ಬಿಳಿ ಕುದುರೆ, ಒಂದಕ್ಕೆ ಕಂದು. ನನಗೆ ಕುದುರೆ ಪರೀಕ್ಷೆ ತಿಳಿಯದು. ಜಟಕಾ ಹೊಡೆದು ಮುದುಕರಾದ ಸಾಬರನ್ನು ಕೇಳಿದೆ.

"ಬಿಳೀದು ಬ್ಯಾಡ್ರಿ. ಕಂದು ಕುದುರೆ ಎದೆ ಅಗಲ ಐತಿ. ಆದ್ರೆ ಜೋರು ಓಡೋ ಕುದುರೆಗೆ ಭಾರ ಜಾಸ್ತಿ ಹೇರ್ತಾರ. ರೇಸಿನ ಕಾನೂನು."

"ಬಲ ಇದ್ದವನೇ ಭಾರ ಹೊರಬೇಕು! ಈ ದೇಶದಲ್ಲಿ ನ್ಯಾಯವಾದ ಕಾನೂನು ಇದೊಂದೇ!" ಎಂದು ಎಲ್ಲರೆದುರು ಕೂಗಿ ಕಂದು ಕುದುರೆಗೇ ಪಂದ್ಯ ಕಟ್ಟಿದೆ.

ಗುಮಾಸ್ತ ಭಾರಕ್ಕೆಂದು ಮೂಟೆ ಹುಡುಕಲಿಲ್ಲ, ನನ್ನ ಹೊಟ್ಟೆ ನೋಡಿದ. "ಕಾನೂನು ಒಪ್ಪಿದೋರೇ ಹತ್ರಿ, ಸ್ವಾಮಿ."

ಹತ್ತಿದೆ. ನಮ್ಮ ಜಟಕಾ ಹಿಂದೆ ಬಿತ್ತು. "ಕೂತು ತಿಂದು ಕೊಬ್ಬಿದ ಸೋಮಾರಿ, ಏಳೋ!" ಎಂದು ಪೇಟೆಯುದ್ದಕ್ಕೂ ಕುದುರೆಗೆ ಬೈದೆ. ಸಾಹುಕಾರರು ಕುಳಿತಿದ್ದ ಜಗಲಿ ದಾಟುವಾಗಲೂ ಬೈಯುತ್ತಲೇ ಇದ್ದೆ. ಜನ ಚಪ್ಪಾಳೆ ತಟ್ಟಿದರು.

ಸೋತೆ. ಮಾತಿನಂತೆ ಬಸ್ ಹತ್ತಲು ಹೋದರೆ ಗೇಣಿದಾರರು ಸುತ್ತುವರಿದು, "ಸಾಹುಕಾರರ ಮುಖಕ್ಕೇ ಬೈದ್ರಲ್ರೀ, ಭೇಷ್!" ಎಂದರು.

ನಾನು ತಿದ್ದಲಿಲ್ಲ. ಆ ಕುದುರೆಗೆ ಮಾತ್ರ ಅನ್ಯಾಯವಾಯಿತು. ಎಷ್ಟೆಂದರೂ ಅದು ದುಡಿಯುವ ವರ್ಗ.