ಫಿಯೆಟ್ಟಿನ ಎಡಗಡೆ ಬಾಗಿಲು

ಬ್ರೇಕ್ ಫೇಲಾಗಬಹುದಿತ್ತು. ಪೆಟ್ರೋಲ್ ಪೈಪು ಬಿರುಕು ಬಿಟ್ಟು ಬಿಸಿ ಎಂಜಿನ್ ಮೇಲೆ ಸೋರಬಹುದಿತ್ತು. ಗಾಂಧಿ ಬಜಾರಿನ ನಟ್ಟನಡುವೆ ರೇಡಿಯೇಟರ್ ನೀರು ಕುದಿಯಬಹುದಿತ್ತು. ಗೇರ್ ಸಿಕ್ಕಿಕೊಂಡು ಗಾಡಿ ನಿಂತರೆ, ಹಿಂದಿನ ಆಟೋದವನು ನಮ್ಮ ಮೂರು ತಲೆಮಾರನ್ನು ನೆನೆಯಬಹುದಿತ್ತು. ಎಂಬತ್ತು ದಾಟಿದ ಹಿರಿಯರೊಬ್ಬರು ಸಿಗ್ನಲ್‌ನಲ್ಲಿ ಗಾಬರಿಯಾಗಿ ಕೂಗಿಕೊಳ್ಳಬಹುದಿತ್ತು. ಇದ್ಯಾವುದೂ ಆಗದಿದ್ದರೆ ಕಾದು ಕಾದು ನನಗೇ ಎದೆನೋವು ಬರಬಹುದಿತ್ತು.

ಕೊರೊನಾ ಮುಗಿದ ಮರುವರ್ಷದ ಮಾತು. ಚಾಮರಾಜಪೇಟೆಯಲ್ಲಿ ನನ್ನದೊಂದು ಹಳೆ ಕಾರುಗಳ ವರ್ಕ್‌ಶಾಪ್ ಇತ್ತು, ಈಗಲೂ ಇದೆ. ವಾರದ ದಿನಗಳಲ್ಲಿ ನಾವು ರಿಪೇರಿ ಮಾಡುತ್ತೇವೆ. ಭಾನುವಾರ ಮಾತ್ರ ಶೆಡ್ಡನ್ನು ಹವ್ಯಾಸಿಗಳಿಗೆ ಬಿಟ್ಟುಕೊಡುತ್ತೇನೆ. ತಮ್ಮ ಕಾರನ್ನು ತಾವೇ ಬಿಚ್ಚಿ ತಾವೇ ಜೋಡಿಸಬೇಕೆಂಬ ಹಟದವರು ಇವರು. ಅಂದು ನನ್ನ ಕೆಲಸ ಜಾಕ್ ಜಾರದಂತೆ, ಕಿಡಿ ಹಾರದಂತೆ, ಯಾರ ಬೆರಳೂ ಫ್ಯಾನಿಗೆ ಸಿಕ್ಕದಂತೆ ನೋಡಿಕೊಳ್ಳುವುದು. ಅಂದರೆ ಬೆಳಗಿನಿಂದ ಸಂಜೆಯವರೆಗೆ ಹೆದರುವುದು. ಹುಟ್ಟು ಪುಕ್ಕಲನಾದ ನನಗೆ ಹೇಳಿ ಮಾಡಿಸಿದ ಉದ್ಯೋಗ.

ಅಂಥದೊಂದು ಭಾನುವಾರ ಬಸವನಗುಡಿಯ ಉಮಾ ಎಂಬುವರು ಕ್ರೀಮ್ ಬಣ್ಣದ ಹಳೆ ಫಿಯೆಟ್ಟೊಂದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ನಲವತ್ತೈದರ ಆಸುಪಾಸು. ಕಾರು ಅವರ ತಂದೆ ಚನ್ನಬಸಪ್ಪನವರದು. ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿ ನಡೆಸಿ ನಿವೃತ್ತರಾದವರು.

"ಯಾವಾಗಿಂದ ನಿಂತಿದೆ?" ಎಂದು ಕೇಳಿದೆ.

"ಅಪ್ಪಂಗೆ ಮರೆವು ಶುರುವಾದಾಗಿಂದ. ಕೀ ನಾವೇ ಬಚ್ಚಿಟ್ವಿ ಸಾರ್."

"ಈಗ ಮಾರೋಕಾ?"

"ಅಲ್ಲ." ಅವರು ಬಾನೆಟ್ ಮೇಲಿನ ಧೂಳಿನಲ್ಲಿ ಬೆರಳಾಡಿಸಿದರು. "ಅಪ್ಪ ನನ್ನನ್ನ ಮೇಡಂ ಅಂತಾರೆ. ನರ್ಸ್ ಅನ್ಕೊಂಡಿದಾರೋ, ಬ್ಯಾಂಕಿನೋರು ಅನ್ಕೊಂಡಿದಾರೋ. ಆದ್ರೆ ದಿನಾ ಬೆಳಗ್ಗೆ ಎದ್ದು 'ಗಾಡಿ ಎಲ್ಲಿ?' ಅಂತಾರೆ. ಮಗಳು ಮರ್ತೋಗಿದಾಳೆ, ಗಾಡಿ ಮರ್ತಿಲ್ಲ. ನಾನು ಓದೋವಾಗ ದಿನಾ ಸ್ಕೂಲಿಗೆ ನನ್ನ ಬಿಟ್ಟು ಮಂಡಿಗೆ ಹೋಗೋರು. ಅದೇ ಗಾಡೀಲಿ, ಅದೇ ದಾರೀಲಿ ಒಂದು ರೌಂಡ್ ಕರ್ಕೊಂಡು ಹೋಗ್ಬೇಕು. ಒಂದೇ ಒಂದ್ಸಲ ಪುಟ್ಟಿ ಅಂತ ಕರೆದ್ರೆ ಸಾಕು."

ನಾನು ರಿಪೇರಿ ಮಾಡುವುದು ಕಾರನ್ನು, ನೆನಪನ್ನಲ್ಲ ಎಂದು ಹೇಳಬೇಕೆನಿಸಿತು. "ಮೊದಲು ಬ್ರೇಕ್ ನೋಡೋಣ" ಎಂದೆ.

ಮಳೆಗಾಲ ಕಳೆದು ಚಳಿ ಬರುವವರೆಗೂ ಅವರು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ನಾಲ್ಕೂ ವೀಲ್ ಸಿಲಿಂಡರ್ ಬಿಚ್ಚಿದರು. ಪೆಡಲ್ ತುಳಿದಾಗ ಎಣ್ಣೆಯ ಒತ್ತಡದಿಂದ ಬ್ರೇಕ್ ಶೂಗಳನ್ನು ಅಗಲಿಸುವ ಪುಟ್ಟ ಕೊಳವೆಗಳು ಅವು, ಒಳಗೆ ತುಕ್ಕು ಹಿಡಿದು ಜಾಮ್ ಆಗಿದ್ದವು. ಪೆಟ್ರೋಲ್ ಟ್ಯಾಂಕಿಗೆ ಜಲ್ಲಿಚೂರು ಸುರಿದು, ತೊಟ್ಟಿಲು ತೂಗುವಂತೆ ಕುಲುಕಿ ತುಕ್ಕು ಉದುರಿಸಿದರು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ಬಿಚ್ಚಿ, ಪ್ರತಿ ಭಾಗವನ್ನೂ ಬಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಂಡು ತೊಳೆದರು. ಟ್ರಾಫಿಕ್ಕಿನ ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಹಳೆ ಗಾಡಿಗಳು ನಿಂತುಬಿಡುತ್ತವೆ. ಅದಕ್ಕೆ ನಮ್ಮವರ ಹಳೆ ಮದ್ದು, ಪೆಟ್ರೋಲ್ ಪಂಪಿಗೆ ಒದ್ದೆಬಟ್ಟೆ ಸುತ್ತುವುದು. ಅದನ್ನೂ ಕಲಿಸಿದೆ. ಆಮೇಲೆ ಆ ಒದ್ದೆಬಟ್ಟೆ ಜಾರಿ ಫ್ಯಾನ್ ಬೆಲ್ಟಿಗೆ ಸಿಕ್ಕಿಕೊಂಡರೆ ಎಂದು ವಾರವಿಡೀ ಯೋಚಿಸಿದೆ.

ಪಕ್ಕದಲ್ಲೇ ತನ್ನ ಜೀಪಿನ ಕೆಳಗೆ ಮಲಗಿರುತ್ತಿದ್ದ ಹಲ್ಲಿನ ಡಾಕ್ಟರ್ ರಫೀಕ್ ಅಲ್ಲಿಂದಲೇ ಕೂಗುತ್ತಿದ್ದ: "ಉಮಾ ಮೇಡಂ, ಗಾಡಿ ಆಯಿಲ್ ಆಮೇಲೆ ನೋಡಿ. ಮೊದಲು ನಮ್ಮ ಗುರುಗಳ ಬಿಪಿ ನೋಡಿ."

ಎಲ್ಲ ಮುಗಿಯಿತು ಅನ್ನುವಾಗ ಅವರು ತಾವಾಗಿಯೇ ಒಂದು ಕೆಲಸ ಹಿಡಿದರು. ಮುಂದಿನ ಎಡಗಡೆ ಬಾಗಿಲು ಜೋತುಬಿದ್ದಿತ್ತು. ಬಾಗಿಲು ತಿರುಗುವ ಹಿಂಜಿನ ಪಿನ್ನುಗಳು ಸವೆದರೆ ಹೀಗಾಗುತ್ತದೆ. ಸುಮ್ಮನೆ ತಳ್ಳಿದರೆ ಚಿಲಕಕ್ಕೆ ಕೂರದೆ ವಾಪಸ್ ಬರುತ್ತಿತ್ತು.

"ಅಪ್ಪ ಇದೇ ಕಡೆ ಕೂರೋದು ಸಾರ್. ದಾರೀಲಿ ತೆಕ್ಕೊಂಡ್ಬಿಟ್ರೆ?"

ಇಷ್ಟು ಹೆದರುವ ನನಗೆ ಅದು ಹೊಳೆದೇ ಇರಲಿಲ್ಲ. ಶಿಷ್ಯೆ ಸಿಕ್ಕಿದಳೆಂದು ಖುಷಿಯಾಯಿತು. ಹಳೆ ಪಿನ್ನುಗಳನ್ನು ಅವರೇ ಬಡಿದು ತೆಗೆದರು. ಹೊಸ ಪಿನ್, ಅದು ಕೂರುವ ಹೊಸ ಬುಷ್ ಹಾಕಿ, ಬಾಗಿಲಿನ ಸಂದು ಮೇಲೆ ಕೆಳಗೆ ಒಂದೇ ಅಳತೆ ಬರುವವರೆಗೂ ಬಿಡಲಿಲ್ಲ. ಒಂದು ಬೆರಳಲ್ಲಿ ತಳ್ಳಿದರೆ ಟಕ್ ಎಂದು ಕೂರುತ್ತಿತ್ತು. ಇಡೀ ಕಾರಿನಲ್ಲಿ ಅವರಿಗೆ ಅತಿ ಹೆಮ್ಮೆಯ ಕೆಲಸ ಅದೇ. ಬಂದವರಿಗೆಲ್ಲ ತೆಗೆದು ಹಾಕಿ ತೋರಿಸುತ್ತಿದ್ದರು.

ನಿಗದಿಯಾದ ಭಾನುವಾರ ಬೆಳಗ್ಗೆ ಬಸವನಗುಡಿಯ ಅವರ ಮನೆ ಮುಂದೆ ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ತೊಡೆಯ ಮೇಲೆ ಬೆಂಕಿ ಆರಿಸುವ ಸಿಲಿಂಡರ್, ಕಾಲಡಿ ನೀರಿನ ಕ್ಯಾನ್. ಚನ್ನಬಸಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ವಿಭೂತಿ ಇಟ್ಟು ಹೊರಗೆ ಬಂದರು. ಕಾರು ನೋಡಿ ನಿಂತರು. ಬಾನೆಟ್ ಮೇಲೆ ಅಂಗೈ ಇಟ್ಟು, ಎತ್ತಿನ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿದರು.

"ಬಂತಾ ಗಾಡಿ?"

ಉಮಾ ನನ್ನ ಕಡೆ ನೋಡಿದರು. ಕಣ್ಣು ಆಗಲೇ ತುಂಬಿತ್ತು.

ಅವರನ್ನು ಎಡಗಡೆ ಸೀಟಿನಲ್ಲಿ ಕೂರಿಸಿ ಉಮಾ ಬಾಗಿಲು ತಳ್ಳಿದರು. ಆ ಕ್ಷಣ ಹಿಂದಿನಿಂದ ನನಗೆ ಸ್ಪಷ್ಟವಾಗಿ ಕಂಡಿತು. ಬಾಗಿಲು ಬರುವುದನ್ನೇ ನೋಡುತ್ತಿದ್ದ ಹಿರಿಯರ ಬಲಗೈ ತೊಡೆಯಿಂದ ಎದ್ದಿತು. ಅಂಗೈ ಮೇಲೆ ಮಾಡಿ, ಏನನ್ನೋ ಎತ್ತು ಎನ್ನುವ ಸನ್ನೆ. ತುಟಿ ಅರ್ಧ ತೆರೆಯಿತು. ಅಷ್ಟರಲ್ಲಿ ಬಾಗಿಲು ಟಕ್ ಎಂದು ಕೂತಿತು. ಅವರು ಕೈಯನ್ನೊಮ್ಮೆ ನೋಡಿಕೊಂಡರು, ಮತ್ತೆ ತೊಡೆಯ ಮೇಲಿಟ್ಟರು.

"ಥ್ಯಾಂಕ್ಸ್ ಮೇಡಂ."

ಫಿಯೆಟ್ ಬಂಗಾರದಂತೆ ಓಡಿತು. ಗಾಂಧಿ ಬಜಾರ್ ದಾಟಿ, ಚಾಮರಾಜಪೇಟೆ ಹಾಯ್ದು ತರಗುಪೇಟೆ ತಲುಪಿದೆವು. ದಾರಿಯುದ್ದಕ್ಕೂ ಉಮಾ ಮಾತಾಡಿಸುತ್ತಲೇ ಇದ್ದರು. "ಇದೇ ನನ್ನ ಸ್ಕೂಲು ಅಪ್ಪ." "ಇಲ್ಲೇ ಅಲ್ವಾ ಮಸಾಲೆ ದೋಸೆ ಕೊಡಿಸ್ತಿದ್ದಿದ್ದು?" ಹಿರಿಯರು ಬಾಡಿಗೆ ಟ್ಯಾಕ್ಸಿಯಲ್ಲಿ ಕೂತ ಸಭ್ಯ ಗಿರಾಕಿಯಂತೆ ತಲೆಯಾಡಿಸಿದರು. ಕಾಳಿನ ಮೂಟೆಗಳ ಧೂಳು ಮೂಗಿಗೆ ಬಡಿದಾಗ ಮಾತ್ರ ಮುಖ ಅರಳಿತು.

"ಇಲ್ಲೇ ನಿಲ್ಸಿ ಮೇಡಂ. ನಮ್ಮ ಮಂಡಿ ಬಂತು. ನೀವು ಚೆನ್ನಾಗಿ ಓಡಿಸ್ತೀರಿ."

ವಾಪಸ್ ಬಂದು ಅವರನ್ನು ಒಳಗೆ ಬಿಟ್ಟ ಮೇಲೆ ಉಮಾ ಬಂದು ಆ ಬಾಗಿಲಿನ ಹತ್ತಿರ ನಿಂತರು.

"ಕೈ ಎತ್ತಿದ್ರಲ್ಲ, ನೋಡಿದ್ರಾ ಸಾರ್?"

"ನೋಡಿದೆ."

"ಈ ಬಾಗ್ಲು ನಾನು ಚಿಕ್ಕೋಳಿದ್ದಾಗ್ಲೇ ಜೋತಾಡ್ತಿತ್ತು. ದಿನಾ ನಾನು ಹತ್ತಿ ಕೂತ ತಕ್ಷಣ ಅಪ್ಪ ಹೀಗೇ ಕೈ ಎತ್ತಿ, 'ಎತ್ತಿ ಹಾಕು ಪುಟ್ಟಿ' ಅನ್ನೋರು. ಪ್ರತಿದಿನ. ಅದೊಂದು ಮಾತು ಅಂತಾನೇ ನಂಗೆ ಅನ್ಸಿರಲಿಲ್ಲ, ಅದಕ್ಕೇ ನೆನಪೂ ಆಗ್ಲಿಲ್ಲ." ಬಾಗಿಲನ್ನೊಮ್ಮೆ ತೆರೆದು ಮುಚ್ಚಿ ಕೇಳಿದರು: "ಮೊದ್ಲಿನ ಥರಾನೇ ಮಾಡಕ್ಕಾಗುತ್ತಾ?"

ಹಳೆ ಪಿನ್ನುಗಳು ಆಗಲೇ ಗುಜರಿಗೆ ಹೋಗಿದ್ದವು. ಲೇತ್ ಮೆಷಿನ್ನಿನಲ್ಲಿ ನಾನೇ ಒಂದು ಜೊತೆ ಪಿನ್ ಸಣ್ಣಗೆ ಕಡೆದು ಜೋಡಿಸಿದೆ. ಬಾಗಿಲು ಜೋತುಬಿತ್ತು, ಆದರೆ ಬೇರೆ ರೀತಿ. ಎತ್ತಿದರೂ ಕೂರಲಿಲ್ಲ, ಕೆಳಗೆ ಉಜ್ಜಿತು. ಇನ್ನಷ್ಟು ಅರೆದೆ. ಅದು ಬರೀ ಕೆಟ್ಟ ಬಾಗಿಲಾಯಿತು, ಅವರ ಬಾಗಿಲಾಗಲಿಲ್ಲ. ಆದರೂ ಮುಂದಿನ ಭಾನುವಾರ ಉಮಾ ತಂದೆಯನ್ನು ಕೂರಿಸಿ, ಎರಡೂ ಕೈಯಲ್ಲಿ ಬಾಗಿಲನ್ನು ಹಿಡಿದು ನಿಧಾನವಾಗಿ ಎತ್ತಿ, ಮುಖ ನೋಡುತ್ತ ಕಾದರು.

"ಭಾರ ಇದೆ, ಕೈ ಜೋಪಾನ ಮೇಡಂ" ಎಂದರು ಚನ್ನಬಸಪ್ಪನವರು.

ಯುಗಾದಿಗೆ ಮುಂಚೆ ಅವರು ತೀರಿಕೊಂಡರು. ಪುಟ್ಟಿ ಎಂದು ಕರೆಯಲೇ ಇಲ್ಲ.

ಈಗ ಯಾರೇ ಹಳೆ ಗಾಡಿ ತಂದರೂ ಸ್ಪ್ಯಾನರ್ ಕೈಗೆ ಕೊಡುವ ಮೊದಲು ಇದರಲ್ಲಿ ಯಾವುದನ್ನು ಮುಟ್ಟಬಾರದು ಎಂದು ಕೇಳುತ್ತೇನೆ. ಬಹಳ ಜನ ನಗುತ್ತಾರೆ. ನಗಲಿ. ಸವೆದದ್ದನ್ನು ಹೊಸದು ಮಾಡುವುದು ನನ್ನ ಕಸುಬು. ಹೊಸದನ್ನು ಮತ್ತೆ ಹಾಗೆಯೇ ಸವೆಸಲು ಅದೇ ಕೈಗಳು, ಅಷ್ಟೇ ವರ್ಷಗಳು ಬೇಕು. ಅದು ಯಾವ ವರ್ಕ್‌ಶಾಪಿನಲ್ಲೂ ಆಗುವ ಕೆಲಸವಲ್ಲ. ಆ ದಿನ ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದು ಒಂದೇ. ಬಾಗಿಲು ಒಂದೇ ಸಲಕ್ಕೆ ಸರಿಯಾಗಿ ಹಾಕಿಕೊಂಡಿತು.